ಇಕೆಜಾ ಸಂತೆಯಲ್ಲಿ ಮದರ್‌ಬೋರ್ಡು

ಅಂಗಡಿಯ ಹಿಂದೆ ಜನರೇಟರು ಕೆಮ್ಮುತ್ತಿದೆ.
ಎಬಿಯೆರೆ ಫೋನಿನ ಬೆಳಕು ಬಿಟ್ಟು
ಹಳೆಯ ಬೋರ್ಡಿನ ಸಾಕೆಟ್ಟಿಗೆ ಕಣ್ಣಿಡುತ್ತಾಳೆ:
ಸಾವಿರದ ಚಿಲ್ಲರೆ ಚಿನ್ನದ ಕೂದಲು,
ಒಂದು ಮಾತ್ರ ಮುಖ ತಿರುಗಿಸಿ ನಿಂತಿದೆ.

‘ಹೊಸದೇ ತಗೋ’, ಒಸಾರೊ ಡಬ್ಬಿ ತಟ್ಟುತ್ತಾನೆ,
‘ಸುತ್ತಲೂ ಬಣ್ಣಬಣ್ಣದ ದೀಪ ಉರಿಯುತ್ತೆ.’
ದೀಪ!
ಅವಳ ಓಣಿಯಲ್ಲಿ ಕರೆಂಟು
ಬಂದರೆ ಬಂತು.

ಕೈಚೀಲದಲ್ಲಿ ರ್‍ಯಾಮಿನ ನಾಲ್ಕು ಕಡ್ಡಿ,
ಒಂದೊಂದೂ ಒಂದೊಂದು ತಿಂಗಳ ಉಳಿಕೆ.
ಹೊಸದರಲ್ಲಿ ಇವು ಕೂರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ;
ಕಾಲನ್ನು ಮೊದಲೇ ಕೊಂಡವಳು
ಈಗ ಹಾಸಿಗೆ ಹುಡುಕುತ್ತಿದ್ದಾಳೆ.

ತಲೆವಸ್ತ್ರದ ಸೂಜಿ ತೆಗೆದಳು.
ಅಷ್ಟರಲ್ಲಿ ಜನರೇಟರು ಸುಮ್ಮನಾಯಿತು.
ಕತ್ತಲಲ್ಲಿ ಒಸಾರೊ, ಬೆಲೆಯ ಮಾತು ಮರೆತು,
ಅವಳ ಫೋನನ್ನೂ
ತನ್ನ ಉಸಿರನ್ನೂ
ಬಿಗಿಯಾಗಿ ಹಿಡಿದುಕೊಂಡ.