ಚಕ್ರ ತಿರಗೂತನಕ

ಹದಿನೆಂಟು ಸಾವಿರದ ಒಂಬೈನೂರು.
ವಿಜಯಪುರ, ಗಾಂಧಿ ಚೌಕದ ಹಿಂದ,
ಮೆಟ್ಟಲಾ ಹತ್ತಿ ಹೋಗೂ ಅಂಗಡಿ.
"ಅಕ್ಕಾರ, ಇದರಾಗ ಏನ ಮಾಡವರು?" ಹುಡುಗ ಕೇಳಿದ.
"ಅರ್ಜಿ ಬರೀತೀನಪಾ, ಇಂಡಿ ತಹಶೀಲ್ ಕಚೇರಿ ಮುಂದ."
"ಅಷ್ಟ ಆದ್ರ ಇದ ಸಾಕು" ಅಂದ.
ಅಷ್ಟ.
ಆ ಮಾತು ಮುಳ್ಳಿನಂಗ ಚುಚ್ಚಿತು ಖರೇ,
ಚೀಲ ಪುಕ್ಕಟೆ ಕೊಟ್ಟ, ಸುಮ್ಮನಾದೆ.

ಬಸ್ಸಿನಾಗ ತೊಡಿ ಮ್ಯಾಲ ಇಟಗೊಂಡು ಬಂದೆ
ಮಂದಿ ಕೂಸಿನ ಹಿಡಕೊಂಡಂಗ:
ಅತ್ತರ ಏನ ಮಾಡೂದು
ಅನ್ನೂ ಅಂಜಿಕಿ ಝಳಕಿ ದಾಟೂತನಕ.

ಅಪ್ಪನ ಮಷೀನು ಹನ್ನೊಂದು ಕೇಜಿ ಇತ್ತು.
ದಿನಾ ಮುಂಜಾನೆ ಸೈಕಲ್ಲಿನ ಕ್ಯಾರಿಯರಿಗೆ
ನುಲಿಹಗ್ಗ ಬಿಗದು ತರತಿದ್ದ.
ಅದರಾಗ 'ಳ' ಒತ್ತಿದರ ಕಡ್ಡಿ ಮ್ಯಾಲ ನಿಂತು
ಕೆಳಗ ಇಳೀತಿರಲಿಲ್ಲ, ಬಟ್ಟಿಲೆ ಜಗ್ಗಬೇಕು.
ಹಿಂಗಾಗಿ ಅಪ್ಪನ ಅರ್ಜಿಯೊಳಗ ಬಹುವಚನ ಕಮ್ಮಿ.
'ಇಬ್ಬರು ಮಕ್ಕಳು' ಅಂತ ಬರೀಲಿಲ್ಲ ಒಮ್ಮಿನೂ.
'ಗಂಡು ಒಂದು, ಹೆಣ್ಣು ಒಂದು.'
ಸಾಹೇಬರು ಓದಿ, ಏನ್ ಚಂದ ಬರೀತಾನ ಇಂವ ಅಂತಿದ್ರು.

ಇದು ಒಂದೂವರಿ ಕೇಜಿ ಸುದ್ದಾ ಇಲ್ಲ.
ಸಪ್ಪಳನೂ ಇಲ್ಲ.
ಮೊದಲ ವಾರ ಒಬ್ಬರೂ ನನ್ನ ಕಡೆ ಬರಲಿಲ್ಲ.
ಟಕಾ ಟಕಾ ಕೇಳದಿದ್ರ
ಟೈಪಿನಾಕಿ ಬಂದು ಕುಂತಾಳಂತ ಯಾರಿಗೆ ಗೊತ್ತಾಗಬೇಕು?

ಬೇವಿನ ಗಿಡದ ನೆಳ್ಳು ಹನ್ನೊಂದಕ್ಕ ಸರೀತದ.
ಬಿಸಲು ಬಿದ್ದರ ಪರದೆ ಕನ್ನಡಿ:
ಅಕ್ಷರದ ಹಿಂದ ನನ್ನ ಕುಂಕುಮ, ನನ್ನ ಬೆವರು.
ಲಿಂಬಿ ಬಾಕ್ಸ್ ಕೊಯ್ದು ಒಂದು ಗೂಡು ಮಾಡೀನಿ,
ತಲಿ ಒಳಗ ಹಾಕಿ ಬರೀತೀನಿ,
ಬೆರಳಿಗೆ ಲಿಂಬಿ ವಾಸನಿ.

ಮತ್ತ ಇದು ನಿಧಾನ.
ಎದ್ದು ಕೂಡಾಕ ನಾಕು ಮಿನಿಟು,
ನುಡಿ ತೆರ್ಯಾಕ ಇನ್ನ ಎರಡು,
ಪ್ರಿಂಟ್ ಅಂದ್ರ ನಡಬರಕ ಒಂದು ಸಣ್ಣ ನೀಲಿ ಚಕ್ರ
ತಿರಗತದ, ತಿರಗತದ.
"ಕೂಡ್ರಿ, ಬರತದ" ಅಂತೀನಿ,
ಬಸ್ಸಿನ ಸುದ್ದಿ ಹೇಳಿದಂಗ.

ಮಂಗಳವಾರ ಹೊರ್ತಿ ಕಡಿಂದ ಒಬ್ಬಾಕಿ ಬಂದಿದ್ದಳು.
ರೇಶನ್ ಕಾರ್ಡಿನಾಗ ಚಂದಮ್ಮ,
ಆಧಾರದಾಗ ಚಂದ್ರಭಾಗಾ,
ಪಹಣಿಯೊಳಗ ಚಂದವ್ವ.
ಪೆನ್ಷನ್ ಯಾರಿಗೆ ಕೊಡೂದು ಅಂತ ಕೌಂಟರಿನವ ಕೇಳ್ಯಾನ,
ಮೂರೂ ಮಂದಿನ್ನ ಕರಕೊಂಡು ಬಾ ಅಂದು ನಕ್ಕಾನ.
ನಾ ಬರದೆ:
'ಸದರಿ ಮೂರೂ ಹೆಸರಿನ ವ್ಯಕ್ತಿಯು ನಾನೊಬ್ಬಳೇ ಆಗಿರುತ್ತೇನೆ.'
ಒಬ್ಬಳೇ.
'ಳ' ಸರಳ ಬಿತ್ತು. ಸಿಕ್ಕೊಳ್ಳಲಿಲ್ಲ.

ಪ್ರಿಂಟ್ ಒತ್ತಿದೆ. ಚಕ್ರ.
ಆಕಿ ಗೂಡಿನೊಳಗ ಬಗ್ಗಿ ನೋಡಿದಳು.
ಗಿರಣಿ ಕಲ್ಲು ನೋಡಿದಂಗ ನೋಡಕೋತ ಕುಂತಳು.
ಆಮ್ಯಾಲ ಆ ಚಕ್ರಕ್ಕ ಹೇಳಿದಳು, ನನಗಲ್ಲ:
"ನಮ್ಮವ್ವ ನನಗ ಚಿಕ್ಕಿ ಅಂತಿದ್ಲು.
ಅಕಿ ಹೋಗಿ ಐವತ್ತು ವರ್ಷಾತು,
ಯಾರೂ ಕರದಿಲ್ಲ."

ಇದನ್ನೂ ಹಾಕಲೇನಬೇ, ಅಂದೆ.
"ಬ್ಯಾಡ ಯವ್ವಾ, ಮೂರಕ್ಕ ಇಷ್ಟ ತ್ರಾಸಾಗೇದ."

ಕಾಗದ ಬಂತು. ಹೆಬ್ಬಟ್ಟು ಒತ್ತಿದಳು,
ಉಳದ ಶಾಯಿ ಬೇವಿನ ತೊಗಟಿಗೆ ಒರಸಿದಳು.
ನಲವತ್ತು ರೂಪಾಯಿ, ಎಲ್ಲಾ ಚಿಲ್ಲರ.
ಆಕಿ ಗೇಟು ದಾಟಿದ ಮ್ಯಾಲ
ಇದು ಕೇಳತು: ಯಾವ ಹೆಸರಿಲೆ ಉಳಸಲಿ?
ನಾ ಮೂರೂ ಬಿಟ್ಟೆ.

ರಾತ್ರಿ ಅಣ್ಣನ ಮಗ ಅದರ ಹೊಟ್ಟಿ ತಿರುವಿ ನೋಡಿ
"ಅತ್ತೀ, ಎರಡೂವರಿ ಸಾವಿರ ಹಾಕು, ರ‍್ಯಾಮ್ ಹಾಕಸೂಣು,
ಕುದುರಿ ಓಡಿದಂಗ ಓಡತದ" ಅಂದ.

ಇನ್ನ ಐದು ಕಂತು ಅದಾವು.
ನೋಡೂಣ ತಗೋ, ಅಂದೆ.
ಮತ್ತ ಯಾಕ ಅಂತ ಅಂವಗ ಹೇಳಲಿಲ್ಲ.