ಕಲ್ಲಿನ ಬೆನ್ನು

ಪಾಮನಗೌಡರ ಮಿಲ್ಲಿನ ಹುಡುಗ ಪೆನ್‌ಡ್ರೈವ್ ಕೊಟ್ಟು
ನಿಂತಲ್ಲೇ ಹೇಳಿದ:
"ಹತ್ತು ಅಡಿ ಅಗಲ, ಎಂಟು ಎತ್ತರ.
ಮಿಲ್ಲಿನ ಹೆಸರು ದೊಡ್ಡದಾಗಿ ಬರ್ಬೇಕಂತ.
ಉಳಿದ ಆರು ಮಂದಿದು ಎಲ್ಲರ ಹಾಕು."

ಗಂಗಾವತಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಫ್ಲೆಕ್ಸ್ ಅಂಗಡಿ.
ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ:
ಮುಖಗಳ ಸುತ್ತ ಹೂವಿನ ಅಂಚು ಕಟ್ಟುವವನು ನಾನು.
ಇಂಥ ಫೋಟೋ ಬಂದದ್ದು ಇದೇ ಮೊದಲು.

ಸಣಾಪುರದ ಗುಂಡು. ಬೆಳಗಿನ ಏಳರ ಬಿಸಿಲು.
ಹಗ್ಗವಿಲ್ಲ, ಹುಲಿಗೆಮ್ಮ ಮಾತ್ರ.
ಎಡಗೈಯ ಮೂರು ಬೆರಳು ಕಲ್ಲಿನ ಸುಕ್ಕಿನಲ್ಲಿ,
ಬಲಗೈ ಮೇಲಿನ ಅಂಚಿಗೆ ಚಾಚಿದೆ,
ಇನ್ನೂ ಮುಟ್ಟಿಲ್ಲ.
ನಾಲ್ಕು ಬೆರಳಗಲ ಗಾಳಿ ಉಳಿದಿದೆ.
ಅಷ್ಟು ಗಾಳಿಗಾಗಿ ಲಾಲ್‌ಸಾಬ ಮೂರು ದಿನ
ಎದುರು ಬಂಡೆಯ ಮೇಲೆ ಕುಂಡಿ ಸುಟ್ಟುಕೊಂಡು ಕೂತಿದ್ದನಂತೆ.

ಬಲಕ್ಕೆ ಆಕಾಶ, ಪೂರಾ ಖಾಲಿ ಸೈಟು.
ಅಲ್ಲೇ ಕೂರಿಸಿದೆ ಅಕ್ಕಿಮಿಲ್ಲಿನ ಗುರುತು.
ದೂರ ಸರಿದು ನೋಡಿದರೆ
ರೇಷನ್ ಸಾಲಿನ ಕೊನೆಯಲ್ಲಿ ನಿಂತ ಯಾರೋ
ಮುಗಿದುಹೋಗುವ ಚೀಲಕ್ಕೆ ಕೈ ಚಾಚಿದ ಹಾಗಿದೆ.
ತೆಗೆದೆ.

ಕೆಳಗೆ ಸಾಲಾಗಿ ಆರೂ ಲೋಗೋ ಇಟ್ಟೆ:
ಸಿಮೆಂಟು, ಬಂಗಾರದಂಗಡಿ, ಟ್ಯೂಷನ್ನು,
ಕಣ್ಣಾಸ್ಪತ್ರೆ, ಟ್ರ್ಯಾಕ್ಟರು, ಕೋಳಿ ಫಾರ್ಮು.
ಇಟ್ಟಿದ್ದೇ ತಡ ಅವಳ ಕಾಲಡಿ ನೆಲ ಹುಟ್ಟಿತು.
ಬಿದ್ದರೂ ಕೋಳಿ ಫಾರ್ಮಿನ ಮೇಲೆ ಬೀಳುತ್ತಾಳೆ.
ಎದೆ ಝಲ್ ಅನ್ನುವುದು ನಿಂತೇಹೋಯಿತು.
ಅದನ್ನೂ ತೆಗೆದೆ. ಚಹಾ ಆರಿತು.

ಎಡಕ್ಕೆ ಕಲ್ಲಿನ ನೆರಳು. ದೊಡ್ಡದು ಮಾಡಿದೆ,
ಇನ್ನೂ ದೊಡ್ಡದು.
ಪಾಚಿಯ ಕೆಳಗೆ ಮಾಸಿದ ನೀಲಿ:
ಗೊಬ್ಬ
ಮುಂದಿನ 'ರ' ಉದುರಿದೆ.
ಆದರೆ ಆ 'ಗ'ದ ಬಾಗು,
ತಲೆಕಟ್ಟು ತುಸು ಉದ್ದ ಎಳೆಯುವ ಆ ಹಟ,
ಅದು ಅಪ್ಪನ ಕೈ.

ಸುಣ್ಣದ ಡಬ್ಬಿ ಸೊಂಟಕ್ಕೆ, ಹಗ್ಗ ಎದೆಗೆ,
ರಸ್ತೆಗೆ ಕಾಣುವ ಗುಂಡುಗಳ ಮೇಲೆಲ್ಲ
ಗೊಬ್ಬರ, ಬೀಡಿ, ಬೀಜ ಬರೆದವನು.
ಕೆಳಗೆ ಹಗ್ಗ ಹಿಡಿದ ನನಗೆ ಕೂಗಿ ಹೇಳುತ್ತಿದ್ದ:
"ಕಲ್ಲಿಗೂ ಹೊಟ್ಟಿ ಐತಿ, ಬೆನ್ನು ಐತಿ.
ಹೊಟ್ಟಿ ಮ್ಯಾಲ ಬರಿಬ್ಯಾಡ, ಅದು ಉಸಿರಾಡ್ತದ.
ಬೆನ್ನಿನ ಮ್ಯಾಲ ಬರಿ, ಅದು ತಡ್ಕೊಂತದ."

ಅವಳ ಬೆರಳಿಗೆ ಮೆತ್ತಿದ ಪುಡಿಯ ಬಿಳಿಯನ್ನೇ ಹೀರಿ
ಅಕ್ಷರಕ್ಕೆ ತುಂಬಿದೆ.
ಹಿಂದೆ ನೆರಳು ಕೊಡಲಿಲ್ಲ, ಹಳದಿ ಅಂಚು ಕೊಡಲಿಲ್ಲ.
ಬೆನ್ನಿನ ತಗ್ಗಿನಲ್ಲಿ ಮಿಲ್ಲು, ಅದರಡಿ ಉಳಿದವರು
ಚಳಿಗೆ ಒತ್ತಿ ಕೂತ ಹಾಗೆ.

ಮಧ್ಯಾಹ್ನ ಗೌಡರೇ ಬಂದರು.
"ನಮ್ಮ ಹೆಸರೆಲ್ಲಿ?"
ಹುಡುಕಿದರು. ಅವರ ತೋರುಬೆರಳು
ಚಾಚಿದ ಕೈ ಹತ್ತಿ, ಗಾಳಿಯಲ್ಲಿ ಒಂದು ಕ್ಷಣ ನಿಂತು,
ಮೊಣಕೈ, ಬೆವರಿದ ಕತ್ತು, ಹಿಮ್ಮಡಿ ದಾಟಿ
ಕಲ್ಲಿನ ಬೆನ್ನಿಗೆ ಬಂತು.
"ಸಣ್ಣದಾತಲ್ಲೋ."
ಅವರು ಅರ್ಧ ಅಡಿ ಕೇಳಿದರು, ನಾನು ಎರಡಿಂಚು ಕೊಟ್ಟೆ.
"ಆ ಹಳೇ ಗೊಬ್ಬರದ್ದು ಅಳಿಸಿಬಿಡು,
ಅವ್ರೇನು ನಮಗ ರೊಕ್ಕ ಕೊಟ್ಟಾರೇನು?"
ಹೂಂ ಅಂದೆ.
ಅಳಿಸಲಿಲ್ಲ. ರಸ್ತೆಯಿಂದ ನೋಡಿದರೆ ಅದು ಪಾಚಿ.

ಸಂಜೆ ಕನಕಗಿರಿ ರೋಡಿನಲ್ಲಿ
ಬಿದಿರಿನ ಚೌಕಟ್ಟಿಗೆ ಫ್ಲೆಕ್ಸ್ ಬಿಗಿಯುತ್ತಿದ್ದ ಹನುಮೇಶಿ
ಮೇಲಿನಿಂದಲೇ ಕೇಳಿದ:
"ಅಣ್ಣಾ, ಆಮ್ಯಾಲೆ ಹಿಡದ್ಲಾ, ಬಿದ್ಲಾ?"

ನನಗೂ ಗೊತ್ತಿಲ್ಲ.
ಲಾಲ್‌ಸಾಬನಿಗೆ ಫೋನ್ ಹಚ್ಚಿದೆ.
ಎತ್ತಲಿಲ್ಲ.