ಚಾದರದ ಲೆಕ್ಕ

ಲಾಜಿನ ಖಾತೆ ನೋಡಿದಿ, ಟಿಕೀಟ್ ಮನಿಯವರನ್ನ ಕೇಳಿದಿ,
ಈಗ ನನ್ನ ಹತ್ರ ಬಂದಿ.
ಬದಾಮಿಗೆ ಫಾರಿನ್ ಮಂದಿ ಆಗ ಎಷ್ಟು, ಈಗ ಎಷ್ಟು?
ಕೂಡು ತಮ್ಮಾ. ಆ ಮೆಟ್ಟಿಲು ಹಸೀ ಐತಿ, ಈ ಕಡೆ ಕೂಡು.
ನನಗ ಮಂದಿ ಗೊತ್ತಿಲ್ಲ. ಚಾದರ ಗೊತ್ತು.

ನಮ್ಮತ್ತಿ ಶಿವಗಂಗವ್ವನ ಕಾಲಕ್ಕ
ಅರಬಿಗೆ ಕೇರುಬೀಜದ ಗುರುತು:
ಲಾಜಿಗೆ ಒಂದು ಚುಕ್ಕಿ, ಬಂಗಲೆಗೆ ಎರಡು.
ತಿಂಗಳಿಗೆ ನಾಕೋ ಐದೋ ಚಾದರ,
ಆದ್ರ ಬಂದದ್ದ ಮತ್ತ ಮತ್ತ ಬರೋದು,
ಅದ ಮನಷ್ಯಾ, ಅದ ಕೋಲಿ, ಎರಡು ತಿಂಗಳು.
ಬರಿಗಾಲಿನ ಕೆಮ್ಮಣ್ಣು, ಬೀಡಿಯ ತೂತು,
ಒಂದರ ಅಂಚಿಗೆ ಮಸಿಯಿಂದ ಗೀಚಿದ ಭೂತನಾಥನ ಗುಡಿ.
ಎಷ್ಟ ಬಡದ್ರೂ ಹೋಗಲಿಲ್ಲ.
ಅತ್ತಿ ಕೂಲಿ ಬಿಟ್ಟು ಚಾದರ ಇಟಗೊಂಡ್ಲು.

ಆಮ್ಯಾಲ ಬಸ್ಸು ಬಂದ್ವು.
ಒಮ್ಮೆಲೇ ಮೂವತ್ತೆರಡು, ಕತ್ತಿ ಮ್ಯಾಲ ಹೇರಿ ತರತಿದ್ವಿ.
ಒಂದ ರಾತ್ರಿ. ಮಡಿಕೆಯ ಗೆರಿ ಸೈತ ಮುರಿದಿರತಿರಲಿಲ್ಲ.
ಮನಿಗೆ ತಗಡು ಬಿತ್ತು.
ಅವರ ಮಾರಿ ಒಂದೂ ನೆಪ್ಪಿಲ್ಲ.

ಮುಂದ, ಬೆನ್ನಿಗೆ ಗಾದಿ ಕಟಗೊಂಡ ಹುಡುಗ್ರು.
ಮೇಣಬಸ್ತಿಗೆ ಬೆನ್ನು, ಬೋಳು ಬಂಡಿಗೆ ಮಾರಿ.
ಚಾದರ ತುಂಬ ಸುಣ್ಣದಂಥಾ ಪುಡಿ,
ಬೆರಳ ತುದಿಯ ರಕ್ತದ ಚುಕ್ಕಿ.
ಅಲ್ಲೋ, ಕೆತ್ತಿದ ಕಲ್ಲು ಬಿಟ್ಟು
ಏನೂ ಕೆತ್ತದ ಕಲ್ಲಿಗೆ ಇಷ್ಟ ಜೀವ ಸವಸೋದ?
ನನ್ನ ಗಂಡ ನಕ್ಕಾ.
ಸೋಡಾ ಮಾತ್ರ ಹೆಚ್ಚಿಗೆ ಹತ್ತತಿತ್ತು.

ಒಂದು ವರ್ಷ ಚಾದರ ಬರಲೇ ಇಲ್ಲ.
ವಾತಾಪಿ ಜೀರ್ಣೋಭವ ಅಂತ
ಅಗಸ್ತ್ಯ ಮತ್ತೊಮ್ಮೆ ಹೊಟ್ಟಿ ಸವರಿಕೊಂಡಾಂಗ.
ಒಗೆಯೋ ಬಂಡಿ ಮ್ಯಾಲ ಪಾಚಿ.
ಟಿಕೀಟ್ ಮನಿಯೊಳಗ ಮಂಗ್ಯಾ ಕೂತಿತ್ತು.

ಈಗ? ಹೊಸಪ್ಯಾಟಿ ಕಾರು ಹನ್ನೊಂದಕ್ಕ ಬರತಾವ,
ಮೂರಕ್ಕ ಹೊಳ್ಳತಾವ. ಮಲಗೂದಿಲ್ಲ, ಚಾದರಿಲ್ಲ.
ದೊಡ್ಡ ಹೊಟೆಲ್ಲಿಗೆ ಮಶೀನ್ ಐತಿ.
ಮೊನ್ನೆ ಒಬ್ಬಾಂವ ಫೋನ್ ಹಿಡದು ಸನ್ನೆ ಮಾಡಿದ,
ಬೆಳಕು ಚಲೋ ಐತಿ, ಇನ್ನೊಮ್ಮೆ ಬಡಿ ಅಂತ.
ಒಗದ ಅರಬೀನ ಮತ್ತ ಒಗದೆ.

ಈ ವಾರ ಒಬ್ಬಾಕಿ ಅದಾಳ, ಮ್ಯಾಲಿನ ಕೋಲಿಯೊಳಗ.
ಊರ ಹೆಸರು ಹೇಳಿದ್ಲು, ನನ್ನ ನಾಲಗಿಗೆ ಕೂಡಲಿಲ್ಲ.
ತನ್ನ ಚಾದರ ತಾನ ತಂದ್ಲು. ಹಿಡಿ ತುದಿ, ಅಂದೆ.
ನಾ ತಿರುವಿದ ಕಡೇನ ಆಕೀನೂ ತಿರುವಿದ್ಲು,
ಚಾದರ ಬರೇ ಉರುಳತು, ಒಂದ ಹನಿ ಬೀಳಲಿಲ್ಲ.
ಮುಂಗೈ ಹಿಡದು ಎದುರು ತಿರುವೋದು ತೋರಿಸಿದೆ.
ಅಬ್ಬಾ, ಏನ್ ನೀರು! ಇಬ್ಬರ ಪಾದಾನೂ ತೊಯ್ದವು.

ಬರಕೋ ತಮ್ಮಾ.
ಒಂದು.